ಕ್ರೂಸ್‌ನಲ್ಲಿ ಹಡಗಿನವರ ಟೂರ್ ತಗೊಳ್ಳೋದಾ, ಹೊರಗಿನ ಗೈಡ್ ಹಿಡಿಯೋದಾ?

ಗ್ರೀಸಿನ ಅಥೆನ್ಸ್, ಮಿಕೊನೋಸ್ ಮತ್ತು ಸ್ಯಾಂಟೊರಿನಿ ದ್ವೀಪಗಳು, ಟರ್ಕಿಯ ಕುಸಾದಸಿ ಬಂದರು, ಇಷ್ಟು ಕಡೆ ನಿಲ್ಲುವ ಕ್ರೂಸ್‌ಗೆ ಅಪ್ಪ-ಅಮ್ಮನನ್ನು ಕರೆದೊಯ್ಯುತ್ತಿದ್ದೇವೆ, ಯಾರ ಟೂರ್ ತಗೊಳ್ಳೋದು ಅಂತ ಕೇಳಿದ್ದೀರಿ. ವಯಸ್ಸಾದ ಅಪ್ಪ-ಅಮ್ಮ, ಗ್ರೀಸ್-ಟರ್ಕಿ ಕ್ರೂಸ್, ತಲೆಗಿಷ್ಟು ಅಂತ ಹಡಗಿನವರು ಹೇಳುವ ರೇಟು, ಅರ್ಧ ದುಡ್ಡಿಗೆ ಸಿಗುವ ಹೊರಗಿನ ವ್ಯಾನು, ಜೊತೆಗೆ ‘ಹಡಗು ಬಿಟ್ಟು ಹೋದರೆ ಏನು ಗತಿ’ ಅನ್ನುವ ಭಯ. ನಿಮ್ಮ ಪ್ರಶ್ನೆಯಲ್ಲಿರುವ ಪ್ರತಿಯೊಂದೂ ನಮ್ಮ ಮನೆಯಲ್ಲಿ ಚರ್ಚೆಯಾಗಿತ್ತು. ಯಾವುದು ಅಗ್ಗ, ಯಾವುದು ಸೇಫ್ ಅಂತ ನಾನು ಎಕ್ಸೆಲ್ ಶೀಟನ್ನೇ ಮಾಡಿದ್ದೆ. ಆ ಶೀಟಿನಲ್ಲಿ ಇರಬೇಕಾಗಿದ್ದ ಒಂದು ಕಾಲಮ್ಮೇ ಇರಲಿಲ್ಲ.

ನಮ್ಮಪ್ಪ ಹಾಸನದ ಕಡೆ ಸರ್ಕಾರಿ ಹೈಸ್ಕೂಲಿನಲ್ಲಿ ಇತಿಹಾಸದ ಮೇಷ್ಟ್ರಾಗಿದ್ದವರು. ಪ್ರಾಚೀನ ಜಗತ್ತಿನ ಏಳು ಅದ್ಭುತಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಲೇ ರಿಟೈರ್ ಆದರು. ಅವುಗಳಲ್ಲೊಂದಾದ ಆರ್ಟೆಮಿಸ್ ದೇವಾಲಯ ಇದ್ದದ್ದು ಈಗಿನ ಟರ್ಕಿಯಲ್ಲಿರುವ ಎಫೆಸಸ್ ಅನ್ನುವ ಪ್ರಾಚೀನ ನಗರದಲ್ಲಿ. ಅಷ್ಟು ದೂರ, ಅಷ್ಟು ಖರ್ಚು ಯಾಕೆ ಅಂತ ಗೊಣಗುತ್ತಿದ್ದವರು ಕುಸಾದಸಿ ಬಂದರು ಪಟ್ಟಿಯಲ್ಲಿದೆ, ಅಲ್ಲಿಂದ ಎಫೆಸಸ್ ಇಪ್ಪತ್ತು ಕಿಲೋಮೀಟರ್ ಒಳಗೆ ಅಂದಮೇಲೆ ಮರುಮಾತಿಲ್ಲದೆ ಒಪ್ಪಿಕೊಂಡರು. ಸ್ಯಾಂಟೊರಿನಿ ಅವರ ಆಸೆ ಅಲ್ಲವೇ ಅಲ್ಲ, ನಮ್ಮದು. ಬಿಳಿ ಮನೆ, ನೀಲಿ ಗುಮ್ಮಟ ನೋಡಬೇಕು ಅಂತ ನನಗೂ ನನ್ನ ಹೆಂಡತಿಗೂ ಹುಚ್ಚು. ಮೊದಲು ಸ್ಯಾಂಟೊರಿನಿ, ಮರುದಿನ ಕುಸಾದಸಿ, ಹೀಗಿತ್ತು ನಮ್ಮ ಹಡಗಿನ ದಾರಿ. ಎರಡೂ ಕಡೆ ಹೊರಗಿನವರನ್ನೇ ಬುಕ್ ಮಾಡಿದ್ದೆ.

ಸ್ಯಾಂಟೊರಿನಿಯಲ್ಲಿ ಹಡಗು ದಡಕ್ಕೆ ಬರುವುದಿಲ್ಲ. ಜ್ವಾಲಾಮುಖಿ ಕುಸಿದು ಆದ ಆಳವಾದ ಕೊಲ್ಲಿಯ ನಡುನೀರಿನಲ್ಲಿ ನಿಲ್ಲುತ್ತದೆ. ಅಲ್ಲಿಂದ ಟೆಂಡರ್ ಅನ್ನುವ ಚಿಕ್ಕ ದೋಣಿಯಲ್ಲಿ ಹಳೇ ಬಂದರಿಗೆ ಹೋಗಬೇಕು. ಊರು, ಅಂದರೆ ಫಿರಾ, ಇರುವುದು ತಲೆಯ ಮೇಲೆ, ನೆಟ್ಟಗೆ ನಿಂತ ಬಂಡೆಯ ತುದಿಯಲ್ಲಿ. ಹತ್ತುವುದಕ್ಕೆ ಮೂರೇ ದಾರಿ: ಕೇಬಲ್ ಕಾರು, ಆರುನೂರರ ಹತ್ತಿರ ಮೆಟ್ಟಿಲು, ಇಲ್ಲವೇ ಹೇಸರಗತ್ತೆ. ಕೇಬಲ್ ಕಾರಿಗೆ ಆರು ಡಬ್ಬಿ, ಒಂದೊಂದರಲ್ಲಿ ಆರು ಜನ. ಅಂದರೆ ಒಂದು ಸಲಕ್ಕೆ 36 ಜನ. ಒಂದೊಂದು ಹಡಗಿನಲ್ಲಿ ಇರುವವರು ಎರಡು-ಮೂರು ಸಾವಿರ. ಅವತ್ತು ಕೊಲ್ಲಿಯಲ್ಲಿ ನಮ್ಮದೊಂದೇ ಹಡಗು ಇರಲಿಲ್ಲ.

ನಾನು ತಪ್ಪಿದ್ದು ಇಲ್ಲೇ. ಸ್ವಲ್ಪ ಉದ್ದವಾದರೂ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಬುದ್ಧಿವಂತರೇ ಈ ತಪ್ಪು ಮಾಡುವುದು. ಹಡಗು ಹೊರಡುವುದು ಸಂಜೆ 6ಕ್ಕೆ, ಕೊನೆಯ ಟೆಂಡರ್ 5ಕ್ಕೆ ಅಂತ ಬರೆದಿತ್ತು. ಕೇಬಲ್ ಕಾರಿಗೆ ಮೂರು ನಿಮಿಷ ಸಾಕು ಅಂತ ಓದಿದ್ದೆ. ಹಾಗಾಗಿ 4:15ಕ್ಕೆ ಫಿರಾದಲ್ಲಿ ಇಳಿಸು ಅಂತ ಡ್ರೈವರ್‌ಗೆ ಹೇಳಿದೆ. ಮುಕ್ಕಾಲು ಗಂಟೆ ಕೈಯಲ್ಲಿ ಇಟ್ಟುಕೊಂಡಿದ್ದೇನೆ ಅನ್ನುವ ಧೈರ್ಯ. ಡ್ರೈವರ್ ಒಂದು ನಿಮಿಷವೂ ತಡ ಮಾಡಲಿಲ್ಲ. ಆದರೆ 5 ಗಂಟೆ ಅನ್ನುವುದು ದೋಣಿ ಕೆಳಗಿನ ಕಟ್ಟೆ ಬಿಡುವ ಹೊತ್ತು. ನಾನು ಅದನ್ನು ಮೇಲಿನ ಊರಿನ ಹೊತ್ತು ಅಂತ ಹಿಡಿದು ಲೆಕ್ಕ ಹಾಕಿದ್ದೆ. ವ್ಯಾನ್ ನಿಲ್ಲುವ ಜಾಗದಿಂದ ಕೇಬಲ್ ಕಾರ್ ಸ್ಟೇಷನ್ನಿಗೆ ಓಣಿಗಳಲ್ಲಿ ನಡೆಯಬೇಕು, ಮಂಡಿನೋವಿನವರ ಜೊತೆ ಅದಕ್ಕೇ ಒಂದು ಕಾಲು ಗಂಟೆ. ಆಮೇಲೆ ಸಾಲು. ಆಮೇಲೆ ಮೂರು ನಿಮಿಷದ ಇಳಿತ. ಕೆಳಗೆ ಟೆಂಡರ್‌ಗೆ ಇನ್ನೊಂದು ಸಾಲು. ಇದನ್ನೆಲ್ಲ ಹಿಂದಕ್ಕೆ ಎಣಿಸಿದ್ದರೆ 2:30ಕ್ಕೇ ನಾವು ಫಿರಾದಲ್ಲಿ ಇರಬೇಕಿತ್ತು. ಬೆಳಿಗ್ಗೆ ಹತ್ತುವಾಗಲೇ ನಾವು ಅದೇ ಸಾಲಿನಲ್ಲಿ ನಿಂತಿದ್ದೆವು. ಬೆಳಿಗ್ಗೆ ಹತ್ತಿದವರೆಲ್ಲ ಸಂಜೆ ಇಳಿಯಲೇಬೇಕು, ಎಲ್ಲ ಹಡಗುಗಳೂ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ಹೊರಡುತ್ತವೆ. ಇದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಸ್ಟೇಷನ್ ಹತ್ತಿರ ಬಂದಾಗ ಸಾಲು ಲಕ್ಷದೀಪೋತ್ಸವದ ದಿನ ಧರ್ಮಸ್ಥಳದಲ್ಲಿ ಇರುವ ಹಾಗೆ ಓಣಿ ತಿರುಗಿ, ಅಂಗಡಿಗಳನ್ನು ದಾಟಿ, ಇನ್ನೊಂದು ಓಣಿಗೆ ಹೋಗಿತ್ತು. ಒಂದು ಗಂಟೆಗೂ ಮೇಲೆ ಆಗುತ್ತದೆ ಅಂದರು. ನನಗೆ ಜೀವವೇ ಬಾಯಿಗೆ ಬಂತು. ಅಪ್ಪನ ಮುಖ ನೋಡಿದೆ. ಅವರೇ “ನಡಿ, ಇಳಿದುಬಿಡೋಣ” ಅಂದರು.

ಆ ಮೆಟ್ಟಿಲುಗಳನ್ನು ನಮ್ಮ ಬೆಟ್ಟದ ದೇವಸ್ಥಾನಗಳ ಮೆಟ್ಟಿಲು ಅಂದುಕೊಳ್ಳಬೇಡಿ. ಅಗಲವಾದ, ಇಳಿಜಾರಾದ ಹಾಸುಗಲ್ಲು, ಗೊರಸು ತಗುಲಿ ತಗುಲಿ ನುಣುಪಾಗಿವೆ. ಮೇಲೆ ಸಗಣಿ, ಮೂತ್ರ. ಎದುರಿನಿಂದ ಹೇಸರಗತ್ತೆಗಳ ಗುಂಪು ಬಂದರೆ ಗೋಡೆಗೆ ಒತ್ತಿಕೊಂಡು ನಿಲ್ಲಬೇಕು. ಅಮ್ಮ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಇಳಿದರು. ಅಪ್ಪ ನನ್ನ ಹೆಗಲು ಹಿಡಿದು, ಪ್ರತಿ ಮೆಟ್ಟಿಲಿಗೂ ಬಲಗಾಲನ್ನೇ ಮೊದಲು ಇಟ್ಟು, ಎಡಗಾಲನ್ನು ಅದರ ಪಕ್ಕಕ್ಕೆ ತಂದು ಜೋಡಿಸಿ, ಮತ್ತೆ ಬಲಗಾಲು. ಅರ್ಧ ದಾರಿಯಲ್ಲಿ ಅವರ ಕೈ ನಡುಗುವುದು ನನ್ನ ಹೆಗಲಿಗೆ ಗೊತ್ತಾಗುತ್ತಿತ್ತು.

ಕೆಳಗೆ ಬಂದರೆ ಟೆಂಡರ್‌ಗಳು ಇನ್ನೂ ಓಡುತ್ತಲೇ ಇದ್ದವು. 5 ಗಂಟೆ ದಾಟಿದ ಮೇಲೂ ಬಹಳ ಹೊತ್ತು ಓಡಿದವು. ಯಾಕೆಂದರೆ ಮೇಲಿನ ಸಾಲಿನಲ್ಲಿ ಸಿಕ್ಕಿಕೊಂಡವರಲ್ಲಿ ಎದೆಗೆ ನಮ್ಮ ಹಡಗಿನದೇ ಟೂರ್ ಸ್ಟಿಕ್ಕರ್ ಅಂಟಿಸಿಕೊಂಡವರು ನೂರಾರು ಮಂದಿ. ಹಡಗಿನ ಟೂರಿನವರನ್ನು ಬೆಳಿಗ್ಗೆ ಅಥಿನಿಯೋಸ್ ಅನ್ನುವ ಬೇರೆ ಬಂದರಿಗೆ ಇಳಿಸಿ ಬಸ್ಸಿನಲ್ಲಿ ಮೇಲಕ್ಕೆ ಕರೆದೊಯ್ಯುತ್ತಾರೆ. ಹತ್ತುವ ಸಾಲು ಅವರಿಗೆ ತಪ್ಪುತ್ತದೆ, ನಿಜ. ಆದರೆ ಆ ಟೂರುಗಳಲ್ಲಿ ಹೆಚ್ಚಿನವು ಫಿರಾದಲ್ಲಿ ಕೇಬಲ್ ಕಾರಿನ ಟಿಕೆಟ್ ಕೈಗೆ ಕೊಟ್ಟು ಮುಗಿಯುತ್ತವೆ. ಇಳಿಯುವಾಗ ಎಲ್ಲರಿಗೂ ಒಂದೇ ಸಾಲು. ನಾವು ಸುಮ್ಮನೆ ಅವರ ಹಿಂದೆ ನಿಂತಿದ್ದರೆ ಹಡಗೂ ಸಿಗುತ್ತಿತ್ತು, ಅಪ್ಪನ ಕಾಲೂ ಉಳಿಯುತ್ತಿತ್ತು.

ರಾತ್ರಿ ಮಂಡಿ ಊದಿಕೊಂಡಿತು. ಹಡಗಿನ ಡಾಕ್ಟರು ಬ್ಯಾಂಡೇಜ್ ಕಟ್ಟಿ, ಮಾತ್ರೆ ಕೊಟ್ಟು, ಕಾಲು ಊರಬೇಡಿ ಅಂದರು. ಬೆಳಿಗ್ಗೆ ಕುಸಾದಸಿ. ಗೈಡಿಗೆ ದುಡ್ಡು ಕೊಟ್ಟಾಗಿತ್ತು, ನೀವು ಹೋಗಿಬನ್ನಿ ಅಂತ ಅಪ್ಪನೇ ಹಟ ಹಿಡಿದರು. ಹೋದೆವು. ಎಫೆಸಸ್‌ನ ಸೆಲ್ಸಸ್ ಗ್ರಂಥಾಲಯದ ಮುಂದೆ ನಿಂತು ವಿಡಿಯೋ ಮಾಡುವಾಗ ನನಗೆ ಮಾತೇ ಹೊರಡಲಿಲ್ಲ. ಸುಮಾರು 25,000 ಜನ ಕೂರಬಹುದಾಗಿದ್ದ ಅಲ್ಲಿನ ರಂಗಮಂದಿರವನ್ನು ಹೆಚ್ಚು ಹೊತ್ತು ನೋಡಲು ಮನಸ್ಸು ಬರಲಿಲ್ಲ. ಆ ನೋವು ಈಗಲೂ ಹೋಗಿಲ್ಲ.

ಅದಕ್ಕೇ ಹೇಳುತ್ತೇನೆ, ಹಡಗಿನವರಾ ಹೊರಗಿನವರಾ ಅನ್ನುವ ಪ್ರಶ್ನೆಯಿಂದ ಶುರುಮಾಡಬೇಡಿ. ಹಡಗು ದಡಕ್ಕೆ ಕಟ್ಟುತ್ತದೋ, ನಡುನೀರಿನಲ್ಲಿ ನಿಲ್ಲುತ್ತದೋ? ನೋಡಬೇಕಾದ ಜಾಗ ಬಂದರಿನಿಂದ ಎಷ್ಟು ದೂರ? ನಿಮ್ಮ ಅಪ್ಪ-ಅಮ್ಮನಿಗೆ ಇಡೀ ಪ್ರವಾಸದಲ್ಲಿ ನಿಜವಾಗಿ ಬೇಕಾಗಿರುವ ಊರು ಯಾವುದು? ನನ್ನ ಶೀಟಿನಲ್ಲಿ ಇಲ್ಲದಿದ್ದ ಕಾಲಮ್ ಇದೇ. ಇವಕ್ಕೆ ಉತ್ತರ ಸಿಕ್ಕರೆ ಟೂರ್ ಯಾರದು ಅನ್ನುವುದು ತಾನಾಗಿ ಗೊತ್ತಾಗುತ್ತದೆ. ಎಲ್ಲ ಬಂದರಿಗೂ ಒಂದೇ ನಿಯಮ ಹುಡುಕುವುದೇ ತಪ್ಪು.

ನಿಮ್ಮ ದಾರಿಯನ್ನೇ ತೆಗೆದುಕೊಳ್ಳಿ. ಅಥೆನ್ಸ್‌ನ ಪಿರೇಯಸ್ ಬಂದರಿನಲ್ಲಿ ಟೂರೇ ಬೇಡ. ಕ್ರೂಸ್ ಅಲ್ಲಿಂದಲೇ ಶುರುವಾಗುವುದಾದರೆ ಒಂದು ದಿನ ಮುಂಚೆ ಹೋಗಿ. 2022ರಿಂದ ವಿಮಾನ ನಿಲ್ದಾಣದ ಮೆಟ್ರೋ ನೇರ ಪಿರೇಯಸ್‌ವರೆಗೂ ಬರುತ್ತದೆ. ಗುಡ್ಡದ ಮೇಲೆ ಹಳೇ ದೇಗುಲಗಳಿರುವ ಆಕ್ರೊಪೊಲಿಸ್‌ಗೆ ಈಗ ಹೊತ್ತು ನಿಗದಿ ಮಾಡಿದ ಟಿಕೆಟ್, ಅದನ್ನು ಮೊದಲೇ ತೆಗೆದಿಟ್ಟುಕೊಳ್ಳಿ. ಮಿಕೊನೋಸ್‌ನಲ್ಲೂ ಯಾರಿಗೂ ದುಡ್ಡು ಕೊಡಬೇಡಿ. ಊರು ಚಿಕ್ಕದು, ಗಾಳಿಗಿರಣಿಗಳನ್ನು ನೋಡಿಕೊಂಡು ನಿಧಾನ ಅಡ್ಡಾಡಿದರೆ ಸಾಕು.

ಸ್ಯಾಂಟೊರಿನಿಗೆ ಮಾತ್ರ, ಮಂಡಿನೋವಿನವರು ಜೊತೆಗಿದ್ದರೆ, ಕಣ್ಣುಮುಚ್ಚಿ ಹಡಗಿನ ಟೂರ್ ತೆಗೆದುಕೊಳ್ಳಿ. ಮೊದಲ ಟೆಂಡರ್ ಅವರಿಗೇ, ಮೇಲಕ್ಕೆ ಬಸ್ಸು. ಇಳಿಯುವುದು ಎಲ್ಲಿ, ಹೇಗೆ ಅಂತ ಬುಕ್ ಮಾಡುವ ಮೊದಲೇ ಟೂರ್ ಡೆಸ್ಕಿನಲ್ಲಿ ಬಾಯಿಬಿಟ್ಟು ಕೇಳಿ. ಕೇಬಲ್ ಕಾರಿನಲ್ಲಿ ಅಂದರೆ, ಊಟ ಮುಗಿದ ತಕ್ಷಣ ಇಳಿದುಬಿಡಿ. ದ್ವೀಪದ ತುದಿಯಲ್ಲಿರುವ ಓಯಾ ಊರಿನಲ್ಲಿ ಸೂರ್ಯಾಸ್ತ ನೋಡುವ ಆಸೆ ಇಟ್ಟುಕೊಳ್ಳಬೇಡಿ, ಸಂಜೆಯೇ ಹೊರಡುವ ಹಡಗಿನವರಿಗೆ ಅದು ಸಿಗುವಂಥದ್ದಲ್ಲ.

ಕುಸಾದಸಿ ಪೂರ್ತಿ ಉಲ್ಟಾ. ಹಡಗು ಊರಿನ ಬುಡಕ್ಕೇ ಬಂದು ಕಟ್ಟುತ್ತದೆ, ಎಫೆಸಸ್ ಹತ್ತಿರ, ರಸ್ತೆ ಚೆನ್ನಾಗಿದೆ, ಲೈಸೆನ್ಸ್ ಇರುವ ಗೈಡುಗಳು ಬೇಕಾದಷ್ಟು. ಇಲ್ಲಿ ಹಡಗಿನ ಟೂರಿಗೆ ದುಡ್ಡು ಸುರಿಯುವುದು ದಂಡ. ಹಡಗಿನವರು ತಲೆಗಿಷ್ಟು ಅಂತ ಎಣಿಸುತ್ತಾರೆ, ಹೊರಗಿನವರು ವ್ಯಾನಿಗಿಷ್ಟು ಅನ್ನುತ್ತಾರೆ. ಇಬ್ಬರೇ ಹೋದರೆ ವ್ಯತ್ಯಾಸ ಅಷ್ಟೇನಿಲ್ಲ, ಆರು ಜನರಿದ್ದರೆ ಬಹಳ. ಆದರೆ ನಾನು ಅದನ್ನು ಆರಿಸುವುದು ದುಡ್ಡಿಗಾಗಿ ಅಲ್ಲ. ನಲವತ್ತು-ಐವತ್ತು ಜನರ ಗುಂಪಿನಲ್ಲಿ ಗೈಡಿನ ಬಾವುಟ ಹಿಡಿದು ಓಡುವುದು ವಯಸ್ಸಾದವರಿಗೆ ಆಗುವುದಿಲ್ಲ. ನಮ್ಮದೇ ವ್ಯಾನಾದರೆ ಕೂರಬೇಕೆಂದಾಗ ಕೂರಬಹುದು, ಟಾಯ್ಲೆಟ್ಟಿಗೆ ನಿಲ್ಲಿಸಬಹುದು. ಆರ್ಟೆಮಿಸ್ ದೇವಾಲಯದ ಜಾಗದಲ್ಲಿ ಈಗ ಎದ್ದು ನಿಂತಿರುವುದು ಒಂದೇ ಕಂಬ. ಅದಕ್ಕಾಗಿ ಹದಿನೈದು ನಿಮಿಷ ಕೇಳಿದರೆ ಖಾಸಗಿ ಗೈಡ್ ಇಲ್ಲ ಅನ್ನುವುದಿಲ್ಲ.

ಮುಂದೆ ಇಟಲಿಗೂ ಹೋಗುವುದಿದ್ದರೆ ರೋಮ್ ವಿಷಯದಲ್ಲಿ ಧೈರ್ಯ ಮಾಡಬೇಡಿ. ಹಡಗು ನಿಲ್ಲುವುದು ಚಿವಿತಾವೆಕ್ಕಿಯಾದಲ್ಲಿ, ರೋಮ್ ಎಪ್ಪತ್ತು ಕಿಲೋಮೀಟರಿಗೂ ಮೇಲೆ. ರೈಲು ಅಗ್ಗ, ಅನುಕೂಲ, ಆದರೆ ಅಲ್ಲಿ ರೈಲ್ವೆ ಮುಷ್ಕರ ಅಪರೂಪವಲ್ಲ. ಮುಷ್ಕರದ ದಿನ ವಾರದ ದಿನಗಳಲ್ಲಿ ಪ್ರಾದೇಶಿಕ ರೈಲುಗಳಿಗೆ ಗ್ಯಾರಂಟಿ ಇರುವುದು ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9. ನೀವು ವಾಪಸ್ ಬರಬೇಕಾದ ಮಧ್ಯಾಹ್ನ ಸರಿಯಾಗಿ ಇವೆರಡರ ನಡುವೆ ಬೀಳುತ್ತದೆ. ಅಲ್ಲಿ ಹಡಗಿನವರ ಬಸ್ಸೇ ಸರಿ.

ಇನ್ನು ಹಡಗು ಬಿಟ್ಟು ಹೋಗುವ ಭಯ. ಅದು ಸುಳ್ಳು ಭಯ ಅಲ್ಲ. 2024ರ ಮಾರ್ಚ್‌ನಲ್ಲಿ ಆಫ್ರಿಕಾದ ಸಾವೊ ಟೊಮೆ ದ್ವೀಪದಲ್ಲಿ ಖಾಸಗಿ ಟೂರಿಗೆ ಹೋಗಿ ತಡವಾಗಿ ಬಂದ 8 ಜನರನ್ನು ನಾರ್ವೇಜಿಯನ್ ಡಾನ್ ಹಡಗು ಹತ್ತಿಸಿಕೊಳ್ಳದೆ ಹೋಯಿತು. ಅವರು ದೇಶ ದೇಶ ಸುತ್ತಿ ಗ್ಯಾಂಬಿಯಾಕ್ಕೆ ಬಂದರೆ, ನೀರು ಇಳಿದಿದ್ದರಿಂದ ಹಡಗು ಅಲ್ಲಿ ನಿಲ್ಲಲೇ ಇಲ್ಲ. ಕೊನೆಗೆ ಸೆನೆಗಲ್‌ನ ಡಾಕಾರ್‌ನಲ್ಲಿ ಹಡಗು ಹಿಡಿದರು. ಹಡಗಿನದೇ ಟೂರ್ ತಡವಾದರೆ ಹಡಗು ಕಾಯುತ್ತದೆ, ಇಲ್ಲವೇ ತನ್ನ ಖರ್ಚಿನಲ್ಲಿ ಮುಂದಿನ ಬಂದರಿಗೆ ತಲುಪಿಸುತ್ತದೆ. ಹೊರಗಿನ ಟೂರಿಗೆ ಆ ಭರವಸೆ ಇಲ್ಲ. ಭಾರತದ ಪಾಸ್‌ಪೋರ್ಟ್ ಇರುವ ನಮಗೆ ಇದು ಇನ್ನೂ ಮುಖ್ಯ: ಟರ್ಕಿಯಲ್ಲಿ ಉಳಿದುಬಿಟ್ಟರೆ ಗ್ರೀಸಿಗೆ ವಾಪಸ್ ಬರಲು ಮಲ್ಟಿಪಲ್ ಎಂಟ್ರಿ ಷೆಂಗೆನ್ ವೀಸಾ, ಅಂದರೆ ಗ್ರೀಸೂ ಸೇರಿದ ಯುರೋಪಿನ ದೇಶಗಳಿಗೆ ಒಂದಕ್ಕಿಂತ ಹೆಚ್ಚು ಸಲ ಒಳಗೆ ಬಿಡುವ ವೀಸಾ, ಬೇಕೇ ಬೇಕು. ಎಷ್ಟೋ ಹಡಗುಗಳಲ್ಲಿ ನಮ್ಮ ಪಾಸ್‌ಪೋರ್ಟನ್ನು ರಿಸೆಪ್ಷನ್‌ನಲ್ಲೇ ಇಟ್ಟುಕೊಳ್ಳುತ್ತಾರೆ. ಇಳಿಯುವಾಗ ಜೆರಾಕ್ಸ್, ವೀಸಾ ಪುಟದ ಫೋಟೋ, ಆ ಬಂದರಿನಲ್ಲಿ ಹಡಗಿನ ಕೆಲಸ ನೋಡಿಕೊಳ್ಳುವ ಏಜೆಂಟ್ ನಂಬರ್ ಜೇಬಿನಲ್ಲಿರಲಿ. ಆ ನಂಬರ್ ದಿನದ ಕಾರ್ಯಕ್ರಮದ ಹಾಳೆಯಲ್ಲಿ ಅಚ್ಚಾಗಿರುತ್ತದೆ.

ಗಡಿಯಾರದ ವಿಷಯ ಇನ್ನೊಂದಿದೆ. ಟರ್ಕಿ 2016ರಿಂದ ವರ್ಷವಿಡೀ ಒಂದೇ ಸಮಯ ಇಟ್ಟುಕೊಂಡಿದೆ. ಗ್ರೀಸ್ ಅಕ್ಟೋಬರ್ ಕೊನೆಯ ಭಾನುವಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ನೀವು ಹೋಗುವುದು ನವೆಂಬರ್‌ನಲ್ಲಾದರೆ ಎರಡು ಬಂದರುಗಳ ನಡುವೆ ಒಂದು ಗಂಟೆ ವ್ಯತ್ಯಾಸ. ಫೋನು ಯಾವ ದೇಶದ ಟವರ್ ಹಿಡಿಯಿತೋ ಅದರ ಸಮಯ ತೋರಿಸುತ್ತದೆ. ಇಳಿಯುವಾಗ ಬಾಗಿಲಲ್ಲಿ ಬರೆದಿಟ್ಟಿರುವ ಹಡಗಿನ ಸಮಯಕ್ಕೆ ಕೈಗಡಿಯಾರವನ್ನೇ ತಿರುಗಿಸಿಕೊಳ್ಳಿ.

ಹೊರಗಿನವರನ್ನು ಬುಕ್ ಮಾಡುವಾಗ ಒಂದು ಷರತ್ತನ್ನು ಮಾತ್ರ ಬರಹದಲ್ಲಿ ಪಡೆಯಿರಿ: ಹಡಗು ಆ ಬಂದರಿಗೆ ಬರದಿದ್ದರೆ ಪೂರ್ತಿ ದುಡ್ಡು ವಾಪಸ್. ಜುಲೈ, ಆಗಸ್ಟ್‌ನಲ್ಲಿ ಅಲ್ಲಿ ಮೆಲ್ಟೆಮಿ ಅನ್ನುವ ಉತ್ತರದ ಗಾಳಿ ಜೋರು. ಮಿಕೊನೋಸ್, ಸ್ಯಾಂಟೊರಿನಿಗಳನ್ನು ಹಡಗು ಬಿಟ್ಟು ಮುಂದಕ್ಕೆ ಹೋಗುವುದುಂಟು. ಹಡಗಿನ ಟೂರಾದರೆ ದುಡ್ಡು ತಾನಾಗಿ ರೂಮಿನ ಲೆಕ್ಕಕ್ಕೆ ಬರುತ್ತದೆ. ಹೊರಗಿನವರು ಈ ಷರತ್ತನ್ನು ಒಪ್ಪದಿದ್ದರೆ ಬೇರೆಯವರನ್ನು ನೋಡಿ.

ಕುಸಾದಸಿ ಗೈಡಿಗೆ ಈ ವಾರವೇ ಮೆಸೇಜ್ ಕಳಿಸಿ. ಎಫೆಸಸ್‌ಗೆ ಎರಡು ಗೇಟು. ಮೇಲಿನ ಗೇಟಿನಲ್ಲಿ ಇಳಿಸಿ, ಕೆಳಗಿನ ಗೇಟಿನಲ್ಲಿ ಹತ್ತಿಸಿಕೊಳ್ಳಬೇಕು, ಆಗ ದಾರಿಯೆಲ್ಲ ಇಳಿಜಾರು. ಅಮೃತಶಿಲೆಯ ಹಾದಿ ಜಾರುತ್ತದೆ, ಹಿರಿಯರಿಗೆ ಹಿಡಿತ ಇರುವ ಶೂ ಇರಲಿ. ಬೆಳಿಗ್ಗೆ ಬೇಗ ಹೊರಡಬೇಕು, ಕಾರ್ಪೆಟ್ ಅಂಗಡಿಗೆ ಕರೆದುಕೊಂಡು ಹೋಗಬಾರದು, ಇವೆರಡನ್ನೂ ಆ ಮೆಸೇಜಿನಲ್ಲೇ ಬರೆದುಬಿಡಿ.