ಐಸಿಯುನಲ್ಲಿ ಒಬ್ಬರ ಹಿಂದೆ ಒಬ್ಬರ ರಕ್ತಕ್ಕೆ ಶಿಲೀಂಧ್ರ

ಪ್ರಶ್ನೆ: ಒಂದೇ ಐಸಿಯುನಲ್ಲಿ ಎರಡು ವಾರದೊಳಗೆ ಮೂವರ ರಕ್ತದಲ್ಲಿ ಕ್ಯಾಂಡಿಡಾ ಎಂಬ ಶಿಲೀಂಧ್ರ ಬೆಳೆದಿದೆ. ನೆಲವನ್ನು ದಿನವೂ ಸೋಂಕುನಿವಾರಕದಿಂದ ಒರೆಸುತ್ತಾರೆ. ಆದರೂ ಹೇಗೆ ಹರಡಿತು?

ಉತ್ತರ: ನೆಲಕ್ಕಿಂತ ಕೈ, ಕ್ಯಾತಿಟರ್ (ದೇಹದೊಳಗೆ ಹಾಕುವ ಕೊಳವೆ) ಮತ್ತು ಹಾಸಿಗೆಯಿಂದ ಹಾಸಿಗೆಗೆ ಓಡಾಡುವ ಉಪಕರಣಗಳ ಮೇಲೆ ಮೊದಲು ಅನುಮಾನ ಪಡಬೇಕು. ಕ್ಯಾಂಡಿಡಾದ ಜಾತಿ ಯಾವುದೆಂದು ತಿಳಿಯದೆ ಮುಂದೆ ಹೋಗುವಂತಿಲ್ಲ. ಕ್ಯಾಂಡಿಡಾ ಪ್ಯಾರಾಸಿಲೋಸಿಸ್ ಆದರೆ ಸಿಬ್ಬಂದಿಯ ಕೈ ಮತ್ತು ರಕ್ತನಾಳದ ಮೂಲಕ ಕೊಡುವ ಪೋಷಕ ದ್ರವವನ್ನು ನೋಡಿ. ಕ್ಯಾಂಡಿಡಾ ಆರಿಸ್ ಆದರೆ ಕಥೆಯೇ ಬೇರೆ: 2009ರಲ್ಲಿ ಜಪಾನಿನಲ್ಲಿ ಮೊದಲು ವರ್ಣಿತವಾದ ಈ ಜಾತಿ ಚರ್ಮದ ಮೇಲೂ ಮಂಚದ ಕಂಬಿಯ ಮೇಲೂ ವಾರಗಟ್ಟಲೆ ಬದುಕುತ್ತದೆ. ಹಳೆಯ ಪರೀಕ್ಷಾ ಕಿಟ್‌ಗಳು ಇದನ್ನು ಹೀಮುಲೋನಿ ಎಂಬ ಇನ್ನೊಂದು ಜಾತಿಯೆಂದು ತಪ್ಪಾಗಿ ಗುರುತಿಸುವುದುಂಟು. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನ ಒಂದು ಐಸಿಯುನಲ್ಲಿ ಇದನ್ನು ಹರಡಿದ್ದು ಮರುಬಳಕೆಯ ಕಂಕುಳ ತಾಪಮಾಪಕ!

ಸಾಮಾನ್ಯ ಸೋಂಕುನಿವಾರಕಗಳಾದ ಕ್ವಾಟರ್ನರಿ ಅಮೋನಿಯಂ ದ್ರಾವಣಗಳಲ್ಲಿ ಹಲವು ಆರಿಸ್ ಮೇಲೆ ಸಾಲುವುದಿಲ್ಲ. ನೀವು ಹೇಳುವ ಒರೆಸಾಟ ಸೋತಿದ್ದು ಬಹುಶಃ ಇಲ್ಲೇ. ಮೊದಲು ಕೊಳೆ ತೆಗೆದು, ನಂತರ 1,000 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಸಾವಿರ ಭಾಗ) ಕ್ಲೋರಿನ್ ಬಳಸಿ: 5% ಹೈಪೋಕ್ಲೋರೈಟ್ 20 ಮಿ.ಲೀ., ನೀರು 980 ಮಿ.ಲೀ. ಅಂದಂದೇ ಬೆರೆಸಿ. ಬೇಗ ಒರೆಸಿ ಒಣಗಿಸಿದರೆ ವ್ಯರ್ಥ. ಕೈಗೆ ಆಲ್ಕೋಹಾಲ್ ರಬ್ ಸಾಕು. ಅಕ್ಕಪಕ್ಕದ ರೋಗಿಗಳ ಕಂಕುಳು, ತೊಡೆಸಂದಿಯ ಸ್ವ್ಯಾಬ್ ತೆಗೆದು ಈ ಶಿಲೀಂಧ್ರದ ಪರೀಕ್ಷೆಗೆ ಕಳುಹಿಸಿ.

ರಕ್ತದಲ್ಲಿ ಕ್ಯಾಂಡಿಡಾ ಬಂದರೆ ‘ಮಾದರಿಗೆ ಹೊರಗಿನಿಂದ ಸೇರಿದ್ದಿರಬಹುದು’ ಎಂದು ಬಿಡಬೇಡಿ. ಕಲ್ಚರ್ (ರಕ್ತದ ಮಾದರಿಯಲ್ಲಿ ಸೂಕ್ಷ್ಮಜೀವಿ ಬೆಳೆಸಿ ನೋಡುವ ಪರೀಕ್ಷೆ) ನೆಗೆಟಿವ್ ಬಂದರೂ ನಿಶ್ಚಿಂತೆಯಿಲ್ಲ, ಸುಮಾರು ಅರ್ಧದಷ್ಟು ಪ್ರಕರಣಗಳು ಅದರಿಂದ ತಪ್ಪಿಸಿಕೊಳ್ಳುತ್ತವೆ. ಚಿಕಿತ್ಸೆ ಸಾಮಾನ್ಯವಾಗಿ ಎಕೈನೋಕ್ಯಾಂಡಿನ್ ಎಂಬ ಗುಂಪಿನ ಶಿಲೀಂಧ್ರನಾಶಕ ಔಷಧದಿಂದ ಆರಂಭ. ಸಾಧ್ಯವಾದರೆ ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕಿದ ಕೊಳವೆ) ತೆಗೆಯಬೇಕು, ಅದರ ಒಳಗೋಡೆಗೆ ಅಂಟಿದ ಜೈವಿಕ ಪದರಕ್ಕೆ ಔಷಧ ಸರಿಯಾಗಿ ಇಳಿಯದು. ಬೇರೆ ಅಂಗಗಳಿಗೆ ಸೋಂಕು ಹಬ್ಬಿಲ್ಲದಿದ್ದರೆ, ರಕ್ತ ಶುದ್ಧವಾದ ದಿನದಿಂದ 14 ದಿನ ಚಿಕಿತ್ಸೆ. ಸೋಂಕು ಕಣ್ಣಿಗೂ ಹಬ್ಬಬಹುದು, ಕಣ್ಣಿನ ಪರೀಕ್ಷೆ ಮರೆಯಬೇಡಿ.