ನೀರು ಎಷ್ಟು, ನಡಿಗೆ ಎಷ್ಟು: ನಾಲ್ಕು ಪತ್ರಗಳಿಗೆ ವೈದ್ಯರ ಉತ್ತರ

ಬೇಸಿಗೆ ಶುರುವಾಗುತ್ತಿದ್ದಂತೆ ನೀರು ಮತ್ತು ವ್ಯಾಯಾಮದ ಬಗ್ಗೆ ಪತ್ರಗಳು ಹೆಚ್ಚಾಗಿವೆ. ದಿನಕ್ಕೆ ಎಷ್ಟು ಲೀಟರ್ ಕುಡಿಯಬೇಕು, ಎಷ್ಟು ಹೊತ್ತು ನಡೆಯಬೇಕು ಎಂದು ಬಹುತೇಕರು ಒಂದು ಅಂಕಿಯನ್ನು ಕೇಳುತ್ತಾರೆ. ಎಲ್ಲರಿಗೂ ಹೊಂದುವ ಒಂದೇ ಅಂಕಿಯನ್ನು ಯಾವ ವೈದ್ಯರೂ ಕೊಡಲಾರರು. ಕೆಳಗಿನ ಪತ್ರಗಳನ್ನು ಬರೆದವರಲ್ಲಿ ಒಬ್ಬರು ಹೆಚ್ಚು ಕುಡಿಯಬೇಕು, ಒಬ್ಬರು ಕಡಿಮೆ ಮಾಡಬೇಕು, ಒಬ್ಬರು ಅಳೆದು ಕುಡಿಯಬೇಕು, ಇನ್ನೊಬ್ಬರು ನೀರಿನ ಜೊತೆಗೆ ಉಪ್ಪಿನ ಲೆಕ್ಕವನ್ನೂ ಇಡಬೇಕು.

ಪ್ರಶ್ನೆ: ನನಗೆ 41 ವರ್ಷ, ಹಳ್ಳಿಯ ಶಾಲೆಯಲ್ಲಿ ಶಿಕ್ಷಕಿ. ಶಾಲೆಯ ಶೌಚಾಲಯ ಬಳಸುವ ಸ್ಥಿತಿಯಲ್ಲಿಲ್ಲದ ಕಾರಣ ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ನೀರನ್ನೇ ಕುಡಿಯುವುದಿಲ್ಲ. ಸಂಜೆಯಾದರೆ ತಲೆನೋವು. ಒಂದು ವರ್ಷದಲ್ಲಿ ಮೂರು ಸಲ ಉರಿಮೂತ್ರ ಬಂದಿದೆ. ವ್ಯಾಯಾಮ ಮಾಡಬೇಕೆಂಬ ಆಸೆ ಇದ್ದರೂ ಮನೆಗೆ ಬಂದ ಮೇಲೆ ಕಾಲು ಎತ್ತಲೂ ಆಗುವುದಿಲ್ಲ. (ರಾಯಚೂರು ಜಿಲ್ಲೆ)

ಉತ್ತರ: ನಿಮ್ಮ ಪತ್ರ ಓದುವಾಗ ನನ್ನ ಬಳಿ ಬರುತ್ತಿದ್ದ ಇನ್ನೊಬ್ಬ ಶಿಕ್ಷಕಿ ನೆನಪಾದರು. ಅವರ ಚೀಲದಲ್ಲಿ ಒಂದು ಲೀಟರಿನ ಸ್ಟೀಲ್ ಬಾಟಲಿ ಸದಾ ಇರುತ್ತಿತ್ತು. ಬೆಳಿಗ್ಗೆ ತುಂಬಿಸಿಕೊಂಡು ಹೋದ ನೀರನ್ನು ಸಂಜೆ ಹಾಗೆಯೇ ತಂದು ತುಳಸಿ ಕಟ್ಟೆಗೆ ಸುರಿಯುತ್ತೇನೆ ಎಂದು ಅವರು ಹೇಳಿದಾಗ, ಅಲ್ಲಿಯವರೆಗೆ ನಾನು ಅವರಿಗೆ ‘ನೀರು ಚೆನ್ನಾಗಿ ಕುಡಿಯಿರಿ’ ಎಂದಷ್ಟೇ ಬರೆದುಕೊಟ್ಟಿದ್ದ ಚೀಟಿಗಳಿಗೆ ಅರ್ಥವೇ ಇರಲಿಲ್ಲವೆಂದು ತಿಳಿಯಿತು. ಕುಡಿಯಬೇಕೆಂಬುದು ಅವರಿಗೂ ಗೊತ್ತಿತ್ತು, ನಿಮಗೂ ಗೊತ್ತಿದೆ. ಕುಡಿದ ಮೇಲೆ ಎಲ್ಲಿಗೆ ಹೋಗುವುದು ಎಂಬುದೇ ಪ್ರಶ್ನೆ.

ಮೂತ್ರಕೋಶದೊಳಗೆ ಹೇಗೋ ಸೇರಿದ ರೋಗಾಣುಗಳನ್ನು ಹೊರಹಾಕಲು ದೇಹಕ್ಕೆ ಇರುವ ಸರಳ ದಾರಿಯೆಂದರೆ ಆಗಾಗ ಮೂತ್ರ ವಿಸರ್ಜಿಸುವುದು. ಒಂಬತ್ತು ಗಂಟೆ ನೀರು ಕುಡಿಯದೆ, ಬಂದ ಮೂತ್ರವನ್ನೂ ಕಟ್ಟಿಕೊಂಡು ಕುಳಿತರೆ ಆ ರೋಗಾಣುಗಳಿಗೆ ಬೆಳೆಯಲು ಬೇಕಾದಷ್ಟು ಸಮಯ ಸಿಗುತ್ತದೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮೇಲಿಂದ ಮೇಲೆ ಮೂತ್ರದ ಸೋಂಕಿಗೆ ತುತ್ತಾಗುತ್ತಿದ್ದ ಮತ್ತು ದಿನಕ್ಕೆ ಒಂದೂವರೆ ಲೀಟರಿಗಿಂತ ಕಡಿಮೆ ದ್ರವ ಸೇವಿಸುತ್ತಿದ್ದ 140 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನವೂ ಒಂದೂವರೆ ಲೀಟರ್ ನೀರನ್ನು ಹೆಚ್ಚುವರಿಯಾಗಿ ಕುಡಿಯಲು ಹೇಳಲಾಯಿತು. ಒಂದು ವರ್ಷದಲ್ಲಿ ಆ ಗುಂಪಿನವರಿಗೆ ಬಂದ ಸೋಂಕು ಇನ್ನೊಂದು ಗುಂಪಿನವರಿಗೆ ಬಂದದ್ದರ ಸುಮಾರು ಅರ್ಧದಷ್ಟು ಮಾತ್ರ. ಯಾವ ಔಷಧಿಯೂ ಇಲ್ಲದೆ, ಬರಿಯ ನೀರಿನಿಂದ ಇಷ್ಟು ಫಲ ಸಿಕ್ಕಿದ್ದು ಸಣ್ಣ ಸಂಗತಿಯಲ್ಲ.

ಆದ್ದರಿಂದ ನೀರಿನ ಹಂಚಿಕೆಯನ್ನು ನಿಮ್ಮ ದಿನಕ್ಕೆ ಹೊಂದಿಸಿಕೊಳ್ಳೋಣ. ಎದ್ದ ಕೂಡಲೇ ಎರಡು ಲೋಟ ಕುಡಿಯಿರಿ. ಖಾಲಿ ಹೊಟ್ಟೆಗೆ ಒಮ್ಮೆಲೇ ಕುಡಿದ ನೀರಿನಲ್ಲಿ ದೇಹಕ್ಕೆ ಬೇಡವಾದದ್ದು ಒಂದೆರಡು ಗಂಟೆಯೊಳಗೆ ಮೂತ್ರವಾಗಿ ಹೊರಟುಹೋಗುತ್ತದೆ. ಮನೆಯಿಂದ ಹೊರಡುವ ಮುನ್ನ ಶೌಚಾಲಯಕ್ಕೆ ಹೋಗಿ ಬಂದರೆ ಬಸ್ಸಿನಲ್ಲಿ ತೊಂದರೆಯಾಗದು. ಶಾಲೆಯಲ್ಲಿ ಪ್ರತಿ ಪೀರಿಯಡ್ ಮುಗಿದಾಗ ಅರ್ಧ ಲೋಟ ಕುಡಿಯಿರಿ. ಊಟದ ಜೊತೆಗೆ ಮಜ್ಜಿಗೆ ಇರಲಿ. ಹೀಗೆ ಸ್ವಲ್ಪ ಸ್ವಲ್ಪವಾಗಿ, ಅನ್ನ ರೊಟ್ಟಿಯ ಜೊತೆಗೆ ಒಳಗೆ ಹೋದ ನೀರು ಒಮ್ಮೆಲೇ ಗಟಗಟ ಕುಡಿದ ನೀರಿಗಿಂತ ದೇಹದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಸಂಜೆ ಮನೆಗೆ ಬಂದ ಮೇಲೆ ಕಳೆದುಕೊಂಡದ್ದನ್ನೆಲ್ಲ ಒಂದೇ ಸಲ ತುಂಬಿಸಿಕೊಳ್ಳಲು ಹೋಗಬೇಡಿ. ಹಾಗೆ ಮಾಡಿದರೆ ರಾತ್ರಿ ಮೂರು ಸಲ ಏಳಬೇಕಾಗುತ್ತದೆ, ನಿದ್ರೆ ಕೆಡುತ್ತದೆ. ಸಾಕಾಗುವಷ್ಟು ಕುಡಿಯುತ್ತಿದ್ದೀರೋ ಇಲ್ಲವೋ ಎಂದು ತಿಳಿಯಲು ಮೂತ್ರದ ಬಣ್ಣ ನೋಡಿದರೆ ಸಾಕು. ತೆಳುವಾದ ನಿಂಬೆಹಣ್ಣಿನ ಪಾನಕದ ಬಣ್ಣವಿದ್ದರೆ ಸರಿಯಿದೆ, ಸಾಸಿವೆ ಎಣ್ಣೆಯಂತೆ ಗಾಢವಾಗಿದ್ದರೆ ಸಾಲದು. ಬಿ ಕಾಂಪ್ಲೆಕ್ಸ್ ಮಾತ್ರೆ ನುಂಗಿದ ದಿನ ಮಾತ್ರ ಈ ಬಣ್ಣವನ್ನು ನಂಬಬೇಡಿ.

ಇಷ್ಟೆಲ್ಲ ಹೇಳಿದರೂ ಒಂಬತ್ತು ಗಂಟೆ ಮೂತ್ರ ಕಟ್ಟಿಕೊಳ್ಳುವುದಕ್ಕೆ ವೈದ್ಯರು ಮದ್ದು ಕೊಡಲಾರರು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಗಂಡುಮಕ್ಕಳಿಗೆ ಮತ್ತು ಹೆಣ್ಣುಮಕ್ಕಳಿಗೆ ಪ್ರತ್ಯೇಕ ಶೌಚಾಲಯ ಹಾಗೂ ಸುರಕ್ಷಿತ ಕುಡಿಯುವ ನೀರು ಇರಲೇಬೇಕೆಂದು ಬರೆದಿದೆ. ನಿಮಗೆ ಆಗುತ್ತಿರುವ ತೊಂದರೆ ಏಳನೆಯ ತರಗತಿಯ ಹುಡುಗಿಯರಿಗೂ ಆಗುತ್ತಿರುತ್ತದೆ. ಅವರು ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೇ. ಮಕ್ಕಳು ನೀರು ಕುಡಿಯಲೆಂದು ‘ವಾಟರ್ ಬೆಲ್’ ಬಾರಿಸುವ ಪದ್ಧತಿ ನಮ್ಮ ಶಾಲೆಗಳಿಗೂ ಬಂದಿದೆ. ಒಳ್ಳೆಯ ಪದ್ಧತಿಯೇ ಸರಿ. ಆದರೆ ಗಂಟೆ ಬಾರಿಸಿದಲ್ಲಿ ಬಾಗಿಲಿಗೆ ಚಿಲಕವಿರುವ, ನೀರು ಬರುವ ಶೌಚಾಲಯವೂ ಇರಬೇಕು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಇದನ್ನು ಆರೋಗ್ಯದ ವಿಷಯವಾಗಿಯೇ ಎತ್ತಿ, ನಡಾವಳಿಯಲ್ಲಿ ಬರೆಸಿ, ಗ್ರಾಮ ಪಂಚಾಯಿತಿಗೆ ಲಿಖಿತವಾಗಿ ಕೊಡಿ. ವೈದ್ಯಕೀಯ ಪ್ರಮಾಣಪತ್ರ ಬೇಕಿದ್ದರೆ ನಿಮ್ಮ ಊರಿನ ವೈದ್ಯರು ಸಂತೋಷದಿಂದ ಬರೆದುಕೊಡುತ್ತಾರೆಂದು ನಂಬಿದ್ದೇನೆ.

ವ್ಯಾಯಾಮದ ಮಾತಿಗೆ ಬಂದರೆ, ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆಯನ್ನು ಸೂಚಿಸುತ್ತದೆ. ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಅಷ್ಟು ಬಿರುಸಿನ ನಡಿಗೆ ಮಧ್ಯಮ ಶ್ರಮ. ಒಂದೇ ಸಲಕ್ಕೆ ಕನಿಷ್ಠ ಹತ್ತು ನಿಮಿಷ ನಡೆಯಲೇಬೇಕೆಂಬ ಹಳೆಯ ಷರತ್ತನ್ನು 2020ರ ಮಾರ್ಗಸೂಚಿಯಲ್ಲಿ ಕೈಬಿಟ್ಟಿದ್ದಾರೆ. ಬಸ್ ನಿಲ್ದಾಣದಿಂದ ಶಾಲೆಯವರೆಗಿನ ಎಂಟು ನಿಮಿಷವನ್ನು ಬಿರುಸಾಗಿ ನಡೆದರೆ ಅದೂ ಲೆಕ್ಕಕ್ಕೆ ಸೇರುತ್ತದೆ. ಸಂಜೆ ಕಾಲು ಏಳದಿರುವುದಕ್ಕೆ ನೀರಿನ ಕೊರತೆಯೂ ಒಂದು ಕಾರಣವಿರಬಹುದು. ರಕ್ತಹೀನತೆ ಇನ್ನೊಂದು ಕಾರಣವಾಗಬಹುದಾದ್ದರಿಂದ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಚಳಿಜ್ವರ, ಪಕ್ಕೆನೋವು ಅಥವಾ ಮೂತ್ರದಲ್ಲಿ ರಕ್ತ ಕಂಡರೆ ಮಾತ್ರ ನೀರಿನ ಉಪಚಾರ ನಂಬಿ ಕೂರದೆ ಅದೇ ದಿನ ವೈದ್ಯರನ್ನು ಕಾಣಿ.

ಪ್ರಶ್ನೆ: 67 ವರ್ಷದ ನಿವೃತ್ತ ಬ್ಯಾಂಕ್ ನೌಕರ. ಬಿಪಿಗೆ ಮಾತ್ರೆ ತೆಗೆದುಕೊಳ್ಳುತ್ತೇನೆ. ಎರಡು ತಿಂಗಳಿಂದ ಬೆಳಿಗ್ಗೆ ಎದ್ದೊಡನೆ ಒಂದೂವರೆ ಲೀಟರ್ ನೀರು ಕುಡಿದು, ಒಂದು ಗಂಟೆ ವಾಕಿಂಗ್ ಮುಗಿಸಿ ಬಂದು ಮತ್ತೆ ಒಂದು ಲೀಟರ್ ಕುಡಿಯುತ್ತೇನೆ. ದಿನಕ್ಕೆ ಐದು ಲೀಟರ್ ಆಗುತ್ತದೆ. ಬಿಪಿ ಇರುವುದರಿಂದ ಉಪ್ಪನ್ನು ಪೂರ್ತಿ ಬಿಟ್ಟಿದ್ದೇನೆ. ಈಚೆಗೆ ತಲೆ ಹಗುರವಾದಂತೆ, ಮಂಕು ಕವಿದಂತೆ ಆಗುತ್ತದೆ, ಮೀನಖಂಡ ಹಿಡಿದುಕೊಳ್ಳುತ್ತದೆ. ನೀರು ಇನ್ನೂ ಸಾಲದೇ? (ಮೈಸೂರು)

ಉತ್ತರ: ನೀರು ಹೆಚ್ಚಾಗಿದೆ ಎಂಬುದು ನನ್ನ ಅನುಮಾನ. ದಯವಿಟ್ಟು ಈ ವಾರವೇ ರಕ್ತದ ಸೋಡಿಯಂ ಪರೀಕ್ಷೆ ಮಾಡಿಸಿ. ಅದು ಲೀಟರಿಗೆ 135ರಿಂದ 145 ಮಿಲಿಮೋಲ್ ಇರಬೇಕು. ಬಿಪಿಗೆ ಕೊಡುವ ಕೆಲವು ಮಾತ್ರೆಗಳು, ಮುಖ್ಯವಾಗಿ ಹೈಡ್ರೋಕ್ಲೋರೋಥಯಜೈಡ್ ಮತ್ತು ಕ್ಲೋರ್ಥಾಲಿಡೋನ್, ಮೂತ್ರದ ಮೂಲಕ ಸೋಡಿಯಂ ಅನ್ನು ಹೊರಹಾಕುತ್ತವೆ. ಅಂಥ ಮಾತ್ರೆ ನುಂಗುವವರು ಉಪ್ಪನ್ನು ಪೂರ್ತಿ ಬಿಟ್ಟು, ಐದು ಲೀಟರ್ ನೀರು ಸುರಿದುಕೊಂಡರೆ ರಕ್ತದಲ್ಲಿ ಉಳಿದ ಸೋಡಿಯಂ ತೆಳುವಾಗುತ್ತದೆ. ಆಗ ಮಂಕು, ತಲೆಸುತ್ತು, ಹೆಚ್ಚಾದರೆ ಮಾತು ತಡವರಿಸುವುದು, ಫಿಟ್ಸ್ ಕೂಡ ಬರಬಹುದು. ವಯಸ್ಸಾದವರು ‘ಮಂಕಾಗಿದ್ದಾರೆ’ ಎಂದು ಮನೆಯವರು ಕರೆತಂದಾಗ ನಾವು ಮೊದಲು ನೋಡುವ ಪರೀಕ್ಷೆಗಳಲ್ಲಿ ಸೋಡಿಯಂ ಕೂಡ ಒಂದು. ನಿಮ್ಮ ಮಾತ್ರೆ ಯಾವುದೆಂದು ನೀವು ಬರೆದಿಲ್ಲ. ಅದನ್ನು ನೀವಾಗಿಯೇ ನಿಲ್ಲಿಸದೆ, ಚೀಟಿ ಹಿಡಿದುಕೊಂಡು ನಿಮ್ಮ ವೈದ್ಯರ ಬಳಿ ಹೋಗಿ.

ಹೆಚ್ಚು ನೀರು ಅಪಾಯ ತರುತ್ತದೆಯೇ ಎಂದು ಅನೇಕರಿಗೆ ಆಶ್ಚರ್ಯವಾಗಬಹುದು. 2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ ಓಟ ಮುಗಿಸಿದವರ ಪೈಕಿ ರಕ್ತ ಪರೀಕ್ಷೆಗೆ ಒಪ್ಪಿದವರಲ್ಲಿ ನೂರಕ್ಕೆ 13 ಮಂದಿಗೆ ಸೋಡಿಯಂ ಕಡಿಮೆಯಾಗಿತ್ತು. ಅವರಲ್ಲಿ ಬಹಳ ಜನ ಓಡುತ್ತಲೇ ತೂಕ ಹೆಚ್ಚಿಸಿಕೊಂಡಿದ್ದರು, ಅಂದರೆ ಬೆವರಿದ್ದಕ್ಕಿಂತ ಹೆಚ್ಚು ಕುಡಿದಿದ್ದರು. ಮೂತ್ರಪಿಂಡ ಒಂದು ಗಂಟೆಗೆ ಹೆಚ್ಚೆಂದರೆ ಒಂದು ಲೀಟರಿನಷ್ಟು ನೀರನ್ನು ಹೊರಹಾಕಬಲ್ಲದು. ವಯಸ್ಸಾದಂತೆ ಆ ಶಕ್ತಿ ಇನ್ನೂ ಇಳಿಯುತ್ತದೆ. ಎದ್ದೊಡನೆ ನೀರು ಕುಡಿಯುವ ಅಭ್ಯಾಸ ಒಳ್ಳೆಯದೇ, ಬಿಡುವುದು ಬೇಡ. ಅದು ಒಂದು ಲೋಟವಿರಲಿ, ಚೊಂಬುಗಟ್ಟಲೆ ಬೇಡ. ನಿಮ್ಮ ವಯಸ್ಸಿನಲ್ಲಿ ಬಾಯಾರಿಕೆ ಸರಿಯಾಗಿ ಸೂಚನೆ ಕೊಡದಿರುವುದೂ ಉಂಟು. ಆದ್ದರಿಂದ ಬೇರೆ ಕಾಯಿಲೆ ಇಲ್ಲದಿದ್ದರೆ ಕಾಫಿ, ಸಾರು, ಮಜ್ಜಿಗೆ ಎಲ್ಲ ಸೇರಿ ಸುಮಾರು ಎರಡು ಲೀಟರನ್ನು ದಿನವಿಡೀ ಹಂಚಿಕೊಂಡು ಕುಡಿಯುವುದು ಸೂಕ್ತ. ಕಾಫಿ ಕುಡಿದರೆ ದೇಹದ ನೀರೆಲ್ಲ ಹೋಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ದಿನಕ್ಕೆ ಎರಡು ಮೂರು ಲೋಟದ ಮಟ್ಟಿಗೆ ಅದೂ ನೀರಿನ ಲೆಕ್ಕಕ್ಕೇ ಸೇರುತ್ತದೆ. ಪರೀಕ್ಷೆಯ ಫಲಿತಾಂಶ ಬರುವವರೆಗೆ ವಾಕಿಂಗನ್ನು ಅರ್ಧ ಗಂಟೆಗೆ ಇಳಿಸಿ, ಒಬ್ಬರೇ ಹೋಗಬೇಡಿ.

ಇನ್ನೊಂದು ಮಾತು. ನಿಮ್ಮ ವಾರದಲ್ಲಿ ನಡಿಗೆ ಬಿಟ್ಟರೆ ಬೇರೇನೂ ಇಲ್ಲ. ಅರವತ್ತೈದು ದಾಟಿದವರಿಗೆ ಸ್ನಾಯುಗಳ ಬಲ ಮತ್ತು ಸಮತೋಲನದ ವ್ಯಾಯಾಮ ನಡಿಗೆಯಷ್ಟೇ ಅಗತ್ಯ, ಏಕೆಂದರೆ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವುದನ್ನು ತಪ್ಪಿಸುವುದು ಅದೇ. ಸೋಡಿಯಂ ಸರಿಹೋದ ಮೇಲೆ ಶುರುಮಾಡಿ. ಗೋಡೆಗೆ ತಾಗಿಸಿಟ್ಟ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕುಳಿತರೆ ಅದು ನಿಮ್ಮ ವಯಸ್ಸಿನ ಬಸ್ಕಿ. ಅಡುಗೆಮನೆಯ ಕಟ್ಟೆ ಹಿಡಿದು ಒಂದೊಂದು ಕಾಲ ಮೇಲೆ ಹತ್ತು ಎಣಿಸುವವರೆಗೆ ನಿಲ್ಲುವುದು ಸಮತೋಲನಕ್ಕೆ ಸಾಕು. ವಾರಕ್ಕೆ ಮೂರು ದಿನ ಮಾಡಿ.

ಪ್ರಶ್ನೆ: ತಾಯಿಗೆ 72 ವರ್ಷ, ಹೃದಯ ದುರ್ಬಲವಾಗಿದೆ. ದಿನಕ್ಕೆ ಒಂದು ಲೀಟರ್ ಇನ್ನೂರು ಮಿಲಿಗಿಂತ ಹೆಚ್ಚು ದ್ರವ ಬೇಡ ಎಂದು ವೈದ್ಯರು ಹೇಳಿದ್ದಾರೆ. ಬಿಸಿಲಿನಲ್ಲಿ ಇಷ್ಟು ಕಡಿಮೆ ಕುಡಿದರೆ ಕಿಡ್ನಿ ಹೋಗುತ್ತದೆ ಎಂದು ನೆಂಟರು ಹೆದರಿಸುತ್ತಿದ್ದಾರೆ. (ದಾವಣಗೆರೆ)

ಉತ್ತರ: ವೈದ್ಯರ ಮಾತನ್ನೇ ಪಾಲಿಸಿ. ದುರ್ಬಲ ಹೃದಯಕ್ಕೆ ಹೆಚ್ಚಿನ ನೀರನ್ನು ತಳ್ಳಲಾಗದೆ ಅದು ಕಾಲಿನಲ್ಲಿ, ಶ್ವಾಸಕೋಶದಲ್ಲಿ ನಿಲ್ಲುತ್ತದೆ. ಬೆಳಿಗ್ಗೆ ಒಂದು ಜಗ್ಗಿನಲ್ಲಿ ಅಷ್ಟು ನೀರನ್ನು ಅಳೆದಿಟ್ಟು, ಅವರಿಗೆ ಕಾಫಿ, ಹಾಲು ಅಥವಾ ಗಂಜಿ ಕೊಟ್ಟಾಗಲೆಲ್ಲ ಅಷ್ಟೇ ಪ್ರಮಾಣವನ್ನು ಜಗ್ಗಿನಿಂದ ತೆಗೆದುಬಿಡಿ. ಬಾಯಿ ಒಣಗಿದರೆ ಮುಕ್ಕಳಿಸಿ ಉಗುಳಲಿ. ದಿನವೂ ಬೆಳಿಗ್ಗೆ ಮೂತ್ರ ವಿಸರ್ಜಿಸಿದ ಮೇಲೆ, ತಿಂಡಿಗೆ ಮುಂಚೆ ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆಯಿರಿ. ಮೂರು ದಿನದಲ್ಲಿ ಎರಡು ಕೆ.ಜಿ. ಏರಿದರೆ ವೈದ್ಯರಿಗೆ ತಿಳಿಸಿ. ವಿಪರೀತ ಬೆವರು, ಭೇದಿ ಅಥವಾ ತಲೆಸುತ್ತು ಇದ್ದ ದಿನ ಆ ಮಿತಿ ಬದಲಾಗಬೇಕಾಗಬಹುದು, ಅದನ್ನು ಅವರನ್ನೇ ಕೇಳಿ ನಿರ್ಧರಿಸಿ. ಮನೆಯೊಳಗೆ ನಿಧಾನವಾದ ಓಡಾಟವನ್ನು ಮಾತ್ರ ನಿಲ್ಲಿಸಬೇಡಿ.

ಪ್ರಶ್ನೆ: ಪೊಲೀಸ್ ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಗೆ 1600 ಮೀಟರ್ ಓಟ ಅಭ್ಯಾಸ ಮಾಡುತ್ತಿದ್ದೇನೆ, ವಯಸ್ಸು 22. ಬಿಸಿಲು ಅಭ್ಯಾಸವಾಗಲೆಂದು ಮಧ್ಯಾಹ್ನ ಮೂರು ಗಂಟೆಗೆ ಓಡುತ್ತೇವೆ. ತೂಕ ಇಳಿಯಲು ಗೆಳೆಯರು ಜಾಕೆಟ್ ಹಾಕಿಕೊಳ್ಳುತ್ತಾರೆ. ಅಂಗಡಿಯಲ್ಲಿ ಸಿಗುವ ಓಆರ್‌ಎಸ್ ಪ್ಯಾಕೆಟ್ ಜ್ಯೂಸ್ ಕುಡಿಯುತ್ತೇವೆ, ಸರಿಯೇ? (ಕಲಬುರಗಿ)

ಉತ್ತರ: ಜಾಕೆಟನ್ನು ಇವತ್ತೇ ತೆಗೆದಿಡಲು ನಿಮ್ಮ ಗೆಳೆಯರಿಗೆ ಹೇಳಿ. ಓಡಿದ ಮೇಲೆ ಇಳಿದಂತೆ ಕಾಣುವ ತೂಕ ಬರಿಯ ನೀರು, ಕೊಬ್ಬಲ್ಲ. ಊಟ ಮಾಡಿ ನೀರು ಕುಡಿದರೆ ರಾತ್ರಿಯೊಳಗೆ ವಾಪಸ್ ಬರುತ್ತದೆ. ಬೆವರು ದೇಹವನ್ನು ತಂಪು ಮಾಡುವುದು ಅದು ಆರಿದಾಗ ಮಾತ್ರ. ಜಾಕೆಟಿನೊಳಗೆ ಬೆವರು ಆರುವುದಿಲ್ಲ, ಸುಮ್ಮನೆ ಇಳಿದುಹೋಗುತ್ತದೆ, ಮೈಯ ತಾಪ ಒಳಗೇ ಏರುತ್ತದೆ. ಬೇಸಿಗೆಯಲ್ಲಿ ನಿಮ್ಮ ಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತಾರೆ. ಫ್ಯಾನಿನ ಕೆಳಗೆ ಕೂತು ಕೆಲಸ ಮಾಡುವವರಿಗೇ ಮನೆಗೆ ಹೋಗಿ ಎನ್ನುವ ಹೊತ್ತಿನಲ್ಲಿ ನೀವು ಮೈದಾನದಲ್ಲಿ ಓಡಬಾರದು.

ಬಿಸಿಲಿಗೆ ದೇಹ ಹೊಂದಿಕೊಳ್ಳುತ್ತದೆ ಎಂಬುದು ನಿಜ. ಅದಕ್ಕೆ ಒಂದರಿಂದ ಎರಡು ವಾರ ಬೇಕು, ಮತ್ತು ಅದು ಸ್ವಲ್ಪ ಸ್ವಲ್ಪವೇ ಆಗಬೇಕು. ಬೆಳಿಗ್ಗೆ ಆರಕ್ಕೆ ಶುರುಮಾಡಿ, ದಿನಕ್ಕೆ ಐದು ಹತ್ತು ನಿಮಿಷ ಹೆಚ್ಚಿಸುತ್ತಾ ಬನ್ನಿ. ಓಟಕ್ಕೆ ಮುಂಚೆ ಮತ್ತು ನಂತರ ಬೆವರು ಒರೆಸಿಕೊಂಡು, ಕಡಿಮೆ ಬಟ್ಟೆಯಲ್ಲಿ ತೂಕ ನೋಡಿ. ಒಂದು ಕೆ.ಜಿ. ಇಳಿದಿದ್ದರೆ ಸುಮಾರು ಒಂದು ಲೀಟರ್ ಬೆವರು ಹೋಗಿದೆ ಎಂದರ್ಥ. ಮುಂದಿನ ಮೂರು ನಾಲ್ಕು ಗಂಟೆಗಳಲ್ಲಿ ಒಂದೂಕಾಲು ಲೀಟರಿನಷ್ಟು ಕುಡಿಯಿರಿ. ಬೆವರು ಆರಿದ ಮೇಲೆ ಅಂಗಿಯ ಬೆನ್ನಿನ ಮೇಲೆ ಬಿಳಿಯ ಉಪ್ಪಿನ ಗೆರೆ ಮೂಡುತ್ತಿದ್ದರೆ ಉಪ್ಪೂ ಬೇಕು. ಅದಕ್ಕೆ ಉಪ್ಪು ಹಾಕಿದ ಮಜ್ಜಿಗೆ, ಜೋಳದ ಅಂಬಲಿ, ಉಪ್ಪು ಸಕ್ಕರೆ ಬೆರೆಸಿದ ನಿಂಬೆ ಪಾನಕ ಸಾಕು. ನಿಮ್ಮ ಭಾಗದ ಹಿರಿಯರು ಅಂಬಲಿ ಕುಡಿದೇ ಬಿಸಿಲಿನಲ್ಲಿ ಹೊಲದ ಕೆಲಸ ಮಾಡಿದವರು.

ಓಆರ್‌ಎಸ್ ಭೇದಿಯಾದಾಗ ಕೊಡುವ ಔಷಧಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪ್ರಕಾರ ಒಂದು ಲೀಟರ್ ನೀರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸೋಡಿಯಂ ಸಿಟ್ರೇಟ್ ಇರಬೇಕು. ಕರುಳು ಗ್ಲೂಕೋಸ್ ಅನ್ನು ಒಳಕ್ಕೆ ಎಳೆದುಕೊಳ್ಳುವಾಗ ಸೋಡಿಯಂ ಕೂಡ ಜೊತೆಗೆ ಹೋಗುತ್ತದೆ, ಅವೆರಡರ ಹಿಂದೆ ನೀರು ಹೋಗುತ್ತದೆ. ಇಡೀ ಸೂತ್ರ ನಿಂತಿರುವುದು ಈ ಜೋಡಿಯ ಮೇಲೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿ, ಡ್ರಿಪ್ ಬಾಟಲಿಗಳು ಮುಗಿದುಹೋದಾಗ ಡಾ. ದಿಲೀಪ್ ಮಹಲನಾಬಿಸ್ ಡ್ರಮ್ಮುಗಳಲ್ಲಿ ಇಂಥ ದ್ರಾವಣ ಕಲಸಿಟ್ಟು ಸಾವಿರಾರು ಜೀವ ಉಳಿಸಿದರು. ಅಂಥ ಹೆಸರನ್ನು ಸಕ್ಕರೆ ಹೆಚ್ಚಾದ, ಉಪ್ಪು ಕಡಿಮೆಯಾದ ಜ್ಯೂಸಿಗೆ ಅಂಟಿಸಿ ಮಾರುವುದನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಇಂಥ ಪಾನೀಯಗಳ ಮೇಲೆ ಓಆರ್‌ಎಸ್ ಎಂದು ಬರೆಯಬಾರದೆಂದು ಆದೇಶಿಸಿತು. ಪ್ಯಾಕೆಟಿನ ಹಿಂಭಾಗದಲ್ಲಿ ಮೇಲಿನ ನಾಲ್ಕು ಪದಾರ್ಥ, ಅದೇ ಪ್ರಮಾಣದಲ್ಲಿ ಇದೆಯೇ ನೋಡಿ. ಪುಡಿಯನ್ನು ಪ್ಯಾಕೆಟಿನಲ್ಲಿ ಹೇಳಿದಷ್ಟೇ ನೀರಿಗೆ, ಒಮ್ಮೆಲೇ ಪೂರ್ತಿ ಹಾಕಿ ಕಲಸಬೇಕು.

ಕೊನೆಯದಾಗಿ, ನಿಮ್ಮ ತಂಡದ ಎಲ್ಲರೂ ಇದನ್ನು ತಿಳಿದಿರಬೇಕು. ಓಡುತ್ತಿದ್ದವನು ಇದ್ದಕ್ಕಿದ್ದಂತೆ ತೊದಲಿದರೆ, ದಿಕ್ಕು ತಪ್ಪಿದವನಂತೆ ನಡೆದರೆ, ಸಿಟ್ಟಾಗಿ ಏನೇನೋ ಮಾತಾಡಿದರೆ ಅಥವಾ ಕುಸಿದು ಬಿದ್ದರೆ, ಮೈ ಬೆವರಿದ್ದರೂ ಸರಿಯೇ, ಅದನ್ನು ಬಿಸಿಲಾಘಾತ ಎಂದೇ ಭಾವಿಸಬೇಕು. 108ಕ್ಕೆ ಒಬ್ಬರು ಕರೆ ಮಾಡಿ. ಉಳಿದವರು ಅವನನ್ನು ನೆರಳಿಗೆ ಎಳೆದು, ಅಂಗಿ ಬಿಚ್ಚಿ, ಸಿಕ್ಕಷ್ಟು ತಣ್ಣೀರನ್ನು ತಲೆಯಿಂದ ಕಾಲಿನವರೆಗೆ ಸುರಿಯುತ್ತಾ ಗಾಳಿ ಬೀಸಿ. ಪ್ರಜ್ಞೆ ಸರಿಯಿಲ್ಲದವನ ಬಾಯಿಗೆ ನೀರು ಹಾಕಬೇಡಿ, ಅದು ಶ್ವಾಸನಾಳಕ್ಕೆ ಹೋಗುತ್ತದೆ. ಆಂಬುಲೆನ್ಸ್ ಬಂದು ನಿಲ್ಲುವವರೆಗೂ ನೀರು ಸುರಿಯುವ ಕೈ ನಿಲ್ಲಬಾರದು.