ಶ್ಯಾನನ್‌ನಲ್ಲಿ ಅಮೆರಿಕದ ಸೈನಿಕರು: ತಟಸ್ಥ ಅಂದರೆ ಎಷ್ಟು ತಟಸ್ಥ?

"ಐರ್ಲೆಂಡ್ ತಟಸ್ಥ ದೇಶವಲ್ಲವೇ, ಇರಾಕ್‌ಗೆ ಹೊರಟ ಅಮೆರಿಕದ ಸೈನಿಕರು ಅಲ್ಲಿನ ಶ್ಯಾನನ್ ವಿಮಾನ ನಿಲ್ದಾಣದಲ್ಲಿ ಇಳಿದದ್ದು ಹೇಗೆ? ಜನ ಸುಮ್ಮನಿದ್ದರಾ?" ಅಂತ ಕೇಳಿದ್ದೀರಿ.

ಸುಮ್ಮನಂತೂ ಇರಲಿಲ್ಲ. 2003ರ ಫೆಬ್ರವರಿ 15ರಂದು ರಾಜಧಾನಿ ಡಬ್ಲಿನ್‌ನಲ್ಲಿ ಇರಾಕ್ ಯುದ್ಧದ ವಿರುದ್ಧ ಬೀದಿಗಿಳಿದವರೇ ಒಂದು ಲಕ್ಷದ ಆಸುಪಾಸು. ಅದಕ್ಕೂ ಮುಂಚೆ, ಫೆಬ್ರವರಿ 3ರ ಬೆಳಗಿನ ಜಾವ, ಐದು ಜನ ಶ್ಯಾನನ್‌ಗೆ ನುಗ್ಗಿ ಅಮೆರಿಕ ನೌಕಾಪಡೆಯ ವಿಮಾನವನ್ನು ಸುತ್ತಿಗೆಯಿಂದ ಜಖಂ ಮಾಡಿದರು. ಎರಡು ಸಲ ವಿಚಾರಣೆ ಅರ್ಧಕ್ಕೇ ನಿಂತುಹೋಯಿತು. ಮೂರನೇ ಸಲ, 2006ರ ಜುಲೈನಲ್ಲಿ, ಜ್ಯೂರಿ ಐವರನ್ನೂ ಖುಲಾಸೆ ಮಾಡಿತು. "ಹೌದು, ಒಡೆದೆವು, ಇರಾಕ್‌ನಲ್ಲಿ ಜೀವ ಉಳಿಸೋಕೆ" ಅನ್ನೋದೇ ಅವರ ವಾದ!

ಇನ್ನು "ಹೇಗೆ" ಅನ್ನೋದಕ್ಕೆ: ತಟಸ್ಥತೆ ಅಲ್ಲಿನ ಸಂವಿಧಾನದಲ್ಲಿ ಬರೆದಿಟ್ಟ ಮಾತಲ್ಲ, ಸರ್ಕಾರದ ನೀತಿ ಅಷ್ಟೆ. ನಿವೃತ್ತ ಸೇನಾಧಿಕಾರಿ ಎಡ್ವರ್ಡ್ ಹೋರ್ಗನ್ ಸರ್ಕಾರ ಅಮೆರಿಕದ ಸೈನಿಕರಿಗೆ ಶ್ಯಾನನ್‌ನಲ್ಲಿ ಇಳಿಯಲು ಬಿಟ್ಟದ್ದರ ವಿರುದ್ಧ 2003ರಲ್ಲಿ ಹೈಕೋರ್ಟ್‌ಗೆ ಹೋದರು. ಇದು ತಟಸ್ಥ ದೇಶ ನಡೆದುಕೊಳ್ಳುವ ಅಂತರರಾಷ್ಟ್ರೀಯ ರೀತಿಯಲ್ಲ ಅಂತ ನ್ಯಾಯಾಧೀಶರು ಒಪ್ಪಿದರು, ಆದರೂ ಸರ್ಕಾರವನ್ನು ತಡೆಯಲಿಲ್ಲ. ನನಗೆ ಇದು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಕಾಣುತ್ತೆ.

ಐರಿಷರ ಇಂಥ ಪ್ರತಿಭಟನೆಗೆ ನಮ್ಮ ನೆಲದ ನಂಟೂ ಇದೆ. 1920ರಲ್ಲಿ ಜಲಂಧರ್, ಸೋಲನ್‌ನಲ್ಲಿದ್ದ ಬ್ರಿಟಿಷ್ ಸೇನೆಯ ಕನಾಟ್ ರೇಂಜರ್ಸ್ ದಳದ ಐರಿಷ್ ಸಿಪಾಯಿಗಳು ತಮ್ಮೂರಲ್ಲಿ ಬ್ರಿಟಿಷ್ ಪಡೆಗಳ ದಬ್ಬಾಳಿಕೆ ಕೇಳಿ ಬಂಡೆದ್ದರು. ಅವರಲ್ಲಿ ಜೇಮ್ಸ್ ಡೇಲಿಯನ್ನು ಸೋಲನ್ ಹತ್ತಿರದ ದಗ್‌ಶಾಯಿಯಲ್ಲಿ ಗುಂಡಿಟ್ಟು ಕೊಂದರು.